ಬೊಲೋನ್ಯಾದಲ್ಲಿ ಕೊಡೆ ಬಿಚ್ಚದ ಮೂರು ದಿನ

ಮ್ಯೂನಿಕ್‌ನಿಂದ ಹೊರಡುವ ಹಿಂದಿನ ರಾತ್ರಿ ಹವಾಮಾನ ನೋಡಿದೆ. ಶುಕ್ರವಾರ ಮಳೆ, ಶನಿವಾರ ಮಳೆ, ಭಾನುವಾರವೂ ಮಳೆ. ಅಮ್ಮ ಸಾಗರದಿಂದ ಬಂದು ಎರಡು ವಾರವಾಗಿತ್ತು. ನವೆಂಬರ್ 1ರ ರಜೆಗೆ ಅವಳನ್ನು ಇಟಲಿಗೆ ಕರೆದುಕೊಂಡು ಹೋಗುವ ಯೋಚನೆ. "ಮಳೆ ನೋಡಕ್ಕೆ ಏಳು ಗಂಟೆ ರೈಲಲ್ಲಿ ಯಾಕೆ ಹೋಗ್ಬೇಕೇ, ನಮ್ಮೂರಲ್ಲಿ ಸುರಿಯೋದು ಸಾಲ್ದಾ?" ಅಂದಳು. ಬೇರೆ ಊರಾಗಿದ್ದರೆ ನಾನೂ ಟಿಕೆಟ್ ರದ್ದು ಮಾಡುತ್ತಿದ್ದೆ. ಆದರೆ ಬೊಲೋನ್ಯಾಕ್ಕೆ ಇದು ನನ್ನ ನಾಲ್ಕನೇ ಸಲ. ಆ ಊರು ಮಳೆಯಲ್ಲೇ ಚಂದ.

ಯಾಕೆಂದರೆ ಅಲ್ಲಿ ರಸ್ತೆಯ ಪಕ್ಕಕ್ಕೆಲ್ಲ ಕೈಸಾಲೆ. ನಮ್ಮ ದೇವಸ್ಥಾನಗಳ ಸುತ್ತ ಇರುತ್ತಲ್ಲ, ಹಾಗೆ: ಕಂಬ, ಕಮಾನು, ಮೇಲೆ ಮನೆ. ಅವರು ಪೋರ್ತಿಕೋ ಅನ್ನುತ್ತಾರೆ. ಹಳೇ ಊರಿನಲ್ಲೇ 38 ಕಿ.ಮೀ. ಇದೆ, ಹೊರಗಿನದೂ ಸೇರಿದರೆ 62. ವಿದ್ಯಾರ್ಥಿಗಳು, ಕೆಲಸಕ್ಕೆ ಬಂದವರು ತುಂಬಿ ಊರಲ್ಲಿ ಜಾಗ ಸಾಲದಾದಾಗ ಜನ ಮೇಲಿನ ಅಂತಸ್ತನ್ನು ರಸ್ತೆಯ ಮೇಲಕ್ಕೆ ಚಾಚಿ ಕಟ್ಟಿಕೊಂಡರಂತೆ. 1288ರಲ್ಲಿ ಕಟ್ಟಳೆಯೇ ಬಂತು: ಮನೆ ಕಟ್ಟುವವರು ಕೈಸಾಲೆ ಕಟ್ಟಲೇಬೇಕು, ಕುದುರೆ ಮೇಲೆ ಕೂತವನು ದಾಟುವಷ್ಟು ಎತ್ತರ ಇರಬೇಕು. ನೆಲ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು.

ಹಾಗಾಗಿ ನನ್ನ ತಯಾರಿ ಸುಲಭ. ರೂಮು ಬುಕ್ ಮಾಡುವ ಮುಂಚೆ ಬಾಗಿಲು ಕೈಸಾಲೆಗೆ ತೆರೆಯುತ್ತದಾ ಅಂತ ಬೀದಿಯ ಫೋಟೋ ನೋಡುತ್ತೇನೆ. ಎರಡನೇ ಸಲ ಹೋದಾಗ ಇದನ್ನು ನೋಡದೆ ಒಂದು ಬೋಳು ಓಣಿಯಲ್ಲಿ ಉಳಿದು ದಿನಕ್ಕೆರಡು ಸಲ ನೆನೆದಿದ್ದೆ. ಆಮೇಲೆ ಕೈಸಾಲೆ ಇಲ್ಲದ ರಸ್ತೆಗಳಿಗೆ ನಕ್ಷೆಯಲ್ಲಿ ಪೆನ್ಸಿಲ್‌ನಿಂದ ಗೀಟು ಹಾಕಿ ಬಿಟ್ಟುಬಿಡುತ್ತೇನೆ. ಸ್ವಲ್ಪ ಸುತ್ತಾಗುತ್ತದೆ, ಆದರೆ ನೆನೆಯುವುದು ರಸ್ತೆ ದಾಟುವಾಗ ಮಾತ್ರ. ಕೊಡೆಗಿಂತ ಶೂ ಮುಖ್ಯ. ಕೈಸಾಲೆಯ ನೆಲ ನುಣುಪು, ಬಂದವರ ಕೊಡೆಯ ನೀರು ಅದರ ಮೇಲೆ. ಅಂಗಡಿಯ ಗಾಜು ನೋಡುತ್ತಾ ನಡೆದು ನಾನೇ ಮೊದಲ ದಿನ ದೊಪ್ಪಂತ ಬಿದ್ದೆ. ಅಮ್ಮ ಮಾತ್ರ ಗದ್ದೆಗಿಳಿಯುವವರ ಹಾಗೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ನನ್ನ ಹಳೇ ಟ್ರೆಕ್ಕಿಂಗ್ ಶೂ ಹಾಕಿ, ಗಟ್ಟಿಯಾಗಿ ಹೆಜ್ಜೆ ಇಡುತ್ತಿದ್ದಳು.

ಸ್ತ್ರಾದಾ ಮಜ್ಜೋರೆಯಲ್ಲಿ ಕಾಸಾ ಇಸೊಲಾನಿ ಅಂತ ಒಂದು ಮನೆ. ಅದರ ಕೈಸಾಲೆಗೆ ಇನ್ನೂ ಹದಿಮೂರನೇ ಶತಮಾನದ ಮರದ ಕಂಬಗಳೇ. ಅಮ್ಮ ಒಂದು ಕಂಬದ ಮೇಲೆ ಕೈಯಾಡಿಸಿ, "ಗೆದ್ದಲು ಹಿಡ್ದಿಲ್ಲ ನೋಡು" ಅಂದಳು. ಅಲ್ಲಿಂದ ಊರಿನ ದೊಡ್ಡ ಚೌಕ, ಪಿಯಾತ್ಸಾ ಮಜ್ಜೋರೆ. ಪೊದೆಸ್ತಾ ಅರಮನೆಯ ಕೆಳಗಿನ ಕಮಾನಿನಲ್ಲಿ ಒಂದು ಮೂಲೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ನಿಂತವರಿಗೆ ಕೇಳುತ್ತದೆ. ಮಳೆಯ ದೆಸೆಯಿಂದ ಅರ್ಧ ಊರೇ ಅಲ್ಲಿ ನಿಂತಿತ್ತು. ನಮ್ಮ ಸರದಿ ಬಂದಾಗ ನಾನು ಗೋಡೆಗೆ ಕಿವಿಗೊಟ್ಟೆ. ಅಷ್ಟು ಗದ್ದಲದ ನಡುವೆ ಸ್ಪಷ್ಟವಾಗಿ ಕೇಳಿಸಿತು: "ಹಸಿವಾಗ್ತಿದೆ ಕಣೇ."

ಅಮ್ಮ ಸಸ್ಯಾಹಾರಿ. ಅಲ್ಲಿನ ಹೆಸರುವಾಸಿ ರಾಗು ಅನ್ನುವ ಸಾಸು, ತೊರ್ತೆಲ್ಲಿನಿ ಅನ್ನುವ ಪುಟ್ಟ ಕಡುಬಿನಂಥ ಪಾಸ್ತಾ, ಎರಡರಲ್ಲೂ ಮಾಂಸ. ಆದರೆ ತೊರ್ತೆಲ್ಲೋನಿ ಅಂತ ಅದರ ದೊಡ್ಡಕ್ಕ ಇದೆ, ಒಳಗೆ ರಿಕೊಟ್ಟಾ ಚೀಸು, ಮೇಲೆ ಬೆಣ್ಣೆ, ಸೇಜ್ ಎಲೆ. ಒಂದಕ್ಷರದಲ್ಲಿ ಎಡವಬೇಡಿ. ಮೂರೂ ದಿನ ಅದನ್ನೇ ತಿಂದಳು, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ.

ಶನಿವಾರ ಸಾನ್ ಲೂಕಾ. ಊರಾಚೆ ಗುಡ್ಡದ ಮೇಲೆ ಮೇರಿಯ ಚರ್ಚು. ಪೋರ್ತಾ ಸರಗೋತ್ಸಾ ಬಾಗಿಲಿನಿಂದ ಅಲ್ಲಿಯ ತನಕ ಒಂದೇ ಕೈಸಾಲೆ, ಸುಮಾರು 3.8 ಕಿ.ಮೀ., 666 ಕಮಾನು. 1674ರಲ್ಲಿ ಶುರುವಾಗಿ ಮುಗಿಯಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮನೆತನಗಳು, ಕಸುಬಿನ ಸಂಘಗಳು ಕಮಾನಿನ ಲೆಕ್ಕದಲ್ಲಿ ದುಡ್ಡು ಕೊಟ್ಟವು. ಗೋಡೆಯ ಮೇಲೆ ಕೊಟ್ಟವರ ಹೆಸರು ಕೆತ್ತಿದ್ದಾರೆ, ನಮ್ಮಲ್ಲಿ ಟ್ಯೂಬ್‌ಲೈಟ್ ಮೇಲೆ ಬರೆಸುವ ಹಾಗೆ.

ಮೆಲೊನ್‌ಚೆಲ್ಲೊ ಕಮಾನಿನವರೆಗೆ ದಾರಿ ಸಪಾಟು. ಅಲ್ಲಿಂದ ಏರು, ನಡುನಡುವೆ ಮೆಟ್ಟಿಲು. ಒಂದು ಬದಿ ಗೋಡೆ, ಇನ್ನೊಂದು ಬದಿ ಕಂಬಗಳ ಸಂದಿಯಲ್ಲಿ ಮಳೆ. ಓಡುವವರು, ನಾಯಿ ಹಿಡಿದವರು ಯಾರೂ ನೆನೆದಿರಲಿಲ್ಲ. ಮಂಡಿನೋವಿಗೆ ಅಮ್ಮ ಮಾಡಿಕೊಂಡ ಉಪಾಯ, ಇಪ್ಪತ್ತು ಕಮಾನಿಗೊಮ್ಮೆ ಕಟ್ಟೆಯ ಮೇಲೆ ಕೂರುವುದು. ಹಾಗೆ ಕೂತಾಗ 1433ರ ಕಥೆ ಹೇಳಿದೆ. ಬಿಡದ ಮಳೆಗೆ ಬೆಳೆ ಕೊಳೆಯುವ ಭಯವಾಗಿ ಊರವರು ಮೇರಿಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ಕೆಳಗೆ ತಂದರು, ಮಳೆ ನಿಂತಿತು ಅನ್ನುವುದು ನಂಬಿಕೆ. ಈಗಲೂ ವರ್ಷಕ್ಕೊಮ್ಮೆ ತರುತ್ತಾರೆ. ಆ ಮೆರವಣಿಗೆ ನೆನೆಯದಿರಲಿ ಅಂತ ಈ ಕೈಸಾಲೆ.

ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಳು. "ಮಳೆ ನಿಲ್ಸೋ ದೇವಿಗೇ ಮಳೆ ತಾಗದ ಹಾಗೆ ಮೇಲೊಂದು ಮಾಡು ಕಟ್ಟಿದಾರಲ್ಲ!" ಅಂದಳು. ಮತ್ತೆರಡು ಕಮಾನು ದಾಟಿದ ಮೇಲೆ, "ಇಷ್ಟುದ್ದದ್ದನ್ನ ಗುಡ್ಸೋರ್ಯಾರೇ?"

ಮೇಲೆ ತಲುಪಿದಾಗ ಬರೀ ಮಂಜು. ಊರು, ಗೋಪುರ ಏನೂ ಕಾಣಲಿಲ್ಲ. ಅಮ್ಮ ಒಳಗೆ ಹೋಗಿ ಕೈಮುಗಿದು ಬಂದು ಶೂ ಲೇಸು ಬಿಗಿ ಮಾಡಿಕೊಂಡಳು. ಕೆಳಗೆ ಹೋಗಲು ಪುಟ್ಟ ಪ್ರವಾಸಿ ರೈಲಿದೆ ಅಂದೆ. "ಅದಕ್ಯಾಕೆ ದುಡ್ಡು, ಮಾಡು ಇದ್ಯಲ್ಲ" ಅಂತ ಮುಂದೆ ಹೊರಟೇಬಿಟ್ಟಳು.