ಹ್ಯಾಚರಿ ಟ್ರೇಗೆ ಔಷಧಿ ಕಲಸೋಕೆ ಬೋರ್‌ವೆಲ್ ನೀರು ಬೇಡ

ಕೋಲಾರದ ಕಡೆ ಕೋಳಿ ಮರಿ ಮಾಡಿಸುವವರಿಗೆ ಒಂದು ಮಾತು. ಮೊಟ್ಟೆಯೊಡೆದು ಮರಿ ಹೊರಬರುವ ಹ್ಯಾಚರ್ ಟ್ರೇಗೆ ಹೊಡೆಯುವ ರೋಗಾಣು ಕೊಲ್ಲುವ ಔಷಧಿಯನ್ನು ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಅದರಲ್ಲಿ ಕಲಸಿ. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ಹೀಟರ್ ಕಾಯಿಲ್ ಮೇಲೆ ಕೂತಿರುವ ಬಿಳಿ ಪೊರೆ ನೋಡಿದರೇ ಗೊತ್ತಾಗುತ್ತೆ, ಅಲ್ವಾ? ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ಔಷಧಿಯ ಬಲವನ್ನು ಆ ಸುಣ್ಣದಂಶವೇ ಇಳಿಸಿಬಿಡುತ್ತದೆ. ಟ್ರೇ ತೊಳೆಯೋಕೆ ಬೋರ್ ನೀರೇ ಸಾಕು, ಅದಕ್ಕೂ ಕ್ಯಾನ್ ತರಬೇಕಿಲ್ಲ. ಆದರೆ ತೊಳೆಯುವುದನ್ನು ಬಿಡುವ ಹಾಗಿಲ್ಲ. ಮೂಲೆಯಲ್ಲಿ ಅಂಟಿದ ಚಿಪ್ಪಿನ ಚೂರು, ಒಣಗಿದ ಲೋಳೆ, ಮರಿಯ ನುಣ್ಣನೆ ತುಪ್ಪಳ ಉಳಿದರೆ ಔಷಧಿ ಅದರ ಮೇಲೇ ಖರ್ಚಾಗುತ್ತದೆ, ಕೆಳಗಿನ ರೋಗಾಣು ಆರಾಮಾಗಿರುತ್ತದೆ. ಸೋಪಿನ ನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಆಮೇಲೆ ನೊರೆ ಪೂರ್ತಿ ಹೋಗುವ ತನಕ ಜಾಲಿಸಿ, ಏಕೆಂದರೆ ಸೋಪು ಈ ಔಷಧಿಗೆ ಶತ್ರು. ನೀರು ಬಸಿದ ಮೇಲೆ ಔಷಧಿ ಹೊಡೆದು, ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಬಿಡಿ. ಸುಮ್ನೆ ಹೊಡೆದು ತಕ್ಷಣ ಒರೆಸಿದರೆ ದುಡ್ಡು ದಂಡ. ಎಷ್ಟು ಬೆರೆಸಬೇಕು ಅನ್ನುವುದಕ್ಕೆ ಡಬ್ಬಿ ಮೇಲಿನ ಅಳತೆ ನೋಡಿ, ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನೋದು ತಪ್ಪು. ಬ್ಲೀಚಿಂಗ್ ಪುಡಿ ಬಳಸುವವರು ಅದರ ಜೊತೆ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಹೀಗೆ ಟ್ರೇ ತೊಳೆದು ಔಷಧಿ ಹೊಡೆದರೆ ಹೊಕ್ಕುಳು ಕೊಳೆತು ಸಾಯುವ ಮರಿಗಳು ಕಡಿಮೆಯಾಗುತ್ತವೆ. ಆದರೆ ತಾಯಿ ಕೋಳಿಯಿಂದಲೇ ಮೊಟ್ಟೆಯೊಳಗೆ ಬಂದ ಬಿಳಿ ಭೇದಿ (ಪುಲ್ಲೋರಮ್) ರೋಗಕ್ಕೆ ಟ್ರೇ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಅದಕ್ಕೆ ತಾಯಿ ಕೋಳಿಗಳ ರಕ್ತ ಪರೀಕ್ಷೆಯನ್ನೇ ಮಾಡಿಸಬೇಕು.