ಬಾಡಿಯ ಹೊಳಪಿಗೆ ಮರುಳಾಗಿ, ಚಾಸಿ ಅಳೆದು ಕೊಂಡದ್ದು: ಕೋಬ್ರಾ ಕಿಟ್ ಆರಿಸಿದ ನನ್ನ ಅನುಭವ

ಮನೆಯ ಶೆಡ್ಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರನ್ನು ಕೈಯಾರೆ ಕಟ್ಟಬೇಕೆಂಬ ಆಸೆ ನನ್ನಲ್ಲಿ ಯಾವಾಗ ಹುಟ್ಟಿತೋ ನೆನಪಿಲ್ಲ. ಆದರೆ ಯಾವ ಕಿಟ್, ಅಂದರೆ ಜೋಡಿಸಿ ಕಾರು ಮಾಡುವ ಬಿಡಿಭಾಗಗಳ ಕಟ್ಟು, ಕೊಳ್ಳಬೇಕೆಂದು ತೀರ್ಮಾನಿಸಲು ಹದಿನಾಲ್ಕು ತಿಂಗಳು ಹಿಡಿಯಿತು ಎಂಬುದು ನನ್ನ ಡೈರಿಯಲ್ಲಿ ದಾಖಲಾಗಿದೆ. ಕಟ್ಟುವ ಕೆಲಸದ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಕಟ್ಟುವುದಕ್ಕೆ ಮುಂಚೆ ಏನನ್ನು ನೋಡಬೇಕು, ಯಾವುದನ್ನು ಅಳೆಯಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಮಾತ್ರ ನಾನು ಒಂದೊಂದಾಗಿ ಎಡವಿ ಕಲಿಯಬೇಕಾಯಿತು. ಕೊನೆಗೆ ನಾನು ಕೊಂಡದ್ದು 1960ರ ದಶಕದ ಕೋಬ್ರಾ 427 ಸ್ಪೋರ್ಟ್ಸ್ ಕಾರಿನ ಪ್ರತಿಕೃತಿಯನ್ನು.

ಮೊದಲು ಮನಸ್ಸು ಹರಿದದ್ದು ಫೋರ್ಡ್ ಜಿಟಿ40 ಕಡೆಗೆ. 1966ರಿಂದ 1969ರವರೆಗೆ ಸತತ ನಾಲ್ಕು ವರ್ಷ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸನ್ನು ಗೆದ್ದ ಆ ಕಾರಿನ ಹೆಸರಿನಲ್ಲಿರುವ 40 ಅದರ ಎತ್ತರವನ್ನು ಸೂಚಿಸುತ್ತದೆ: 40 ಅಂಗುಲ, ಅಂದರೆ ಸುಮಾರು ಒಂದು ಮೀಟರು. 1967ರ ಮಾರ್ಕ್ 4 ಕಾರಿನಲ್ಲಿ ಎತ್ತರದ ಆಳಾದ ರೇಸ್ ಚಾಲಕ ಡ್ಯಾನ್ ಗರ್ನಿಯ ಹೆಲ್ಮೆಟ್ಟಿಗೆ ಜಾಗ ಮಾಡಲು ಚಾವಣಿಯಲ್ಲೊಂದು ಉಬ್ಬನ್ನೇ ಕೂರಿಸಬೇಕಾಯಿತು ಎಂದು ಓದಿದಾಗ ನಗು ಬಂದಿತ್ತು. ಒಂದು ಪ್ರತಿಕೃತಿಯೊಳಗೆ ನಾನೇ ಕುಳಿತು ತಲೆಯನ್ನು ಓರೆ ಮಾಡಿಕೊಂಡು ಬಾಗಿಲು ಹಾಕಿದಾಗ ಆ ನಗು ಉಳಿಯಲಿಲ್ಲ. ಅದಲ್ಲದೆ ಎಂಜಿನ್ ಬೆನ್ನ ಹಿಂದಿರುವ ಇಂಥ ಕಾರಿಗೆ ಟ್ರಾನ್ಸ್‌ಆಕ್ಸಲ್ (ಗೇರ್‌ಬಾಕ್ಸನ್ನೂ ಆಕ್ಸಲ್ಲನ್ನೂ ಒಂದಾಗಿಸಿದ ಭಾಗ) ಬೇಕು, ನೀರಿನ ಪೈಪುಗಳನ್ನು ಮುಂದಿನ ರೇಡಿಯೇಟರಿನವರೆಗೆ ಎಳೆಯಬೇಕು, ಗೇರ್ ಬದಲಿಸುವ ಕೇಬಲ್ಲುಗಳನ್ನು ಎಂಜಿನ್ನಿನ ಪಕ್ಕದಲ್ಲೇ ಹಾಯಿಸಬೇಕು. ಮೊದಲ ಬಾರಿಗೆ ಕಟ್ಟುವವನಿಗೆ ಇದು ಹೆಚ್ಚಿನ ಹೊರೆ ಎನಿಸಿತು.

ಎರಡನೆಯ ಆಸೆ ಲ್ಯಾಂಬೋರ್ಗಿನಿ ಕೌಂಟಾಶ್. ಅದರ ಆಕಾರದ ಬಾಡಿಯನ್ನು 1984ರಿಂದ 1988ರವರೆಗೆ ತಯಾರಾದ ಪಾಂಟಿಯಾಕ್ ಫಿಯೆರೋ ಕಾರಿನ ಮೇಲೆ ಹೊದಿಸುವ ಕಿಟ್‌ಗಳಿವೆ. ಫಿಯೆರೋದ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಕೇಂದ್ರಗಳ ನಡುವಿನ ಅಂತರ, ಸುಮಾರು 2373 ಮಿ.ಮೀ.; ಮೊದಲ ಕೌಂಟಾಶ್‌ನದು 2450. ಈ 77 ಮಿ.ಮೀ. ವ್ಯತ್ಯಾಸವನ್ನು ಚಾಸಿ (ಕಾರಿನ ಅಡಿಯ ಚೌಕಟ್ಟು) ಕತ್ತರಿಸಿ ಹಿಗ್ಗಿಸದೆ ಬಾಡಿಯಲ್ಲೇ ನುಂಗಿಸಲು ಹೊರಟ ಕಾರನ್ನು ದೂರದಿಂದ ನೋಡಿದರೂ ಏನೋ ಎಡವಟ್ಟಾಗಿದೆ ಎಂದು ಕಣ್ಣಿಗೆ ತಟ್ಟುತ್ತದೆ, ಎಲ್ಲಿ ಎಂದು ಹೇಳಲಾಗದಿದ್ದರೂ. ಪೋರ್ಷೆ 356 ಸ್ಪೀಡ್‌ಸ್ಟರ್ ಪ್ರತಿಕೃತಿಯ ಲೆಕ್ಕ ಇದಕ್ಕೆ ತದ್ವಿರುದ್ಧ: ಫೋಕ್ಸ್‌ವ್ಯಾಗನ್ ಬೀಟಲ್‌ನ 2400 ಮಿ.ಮೀ. ವೀಲ್‌ಬೇಸನ್ನು 2100ಕ್ಕೆ ಇಳಿಸಲು ತಳದ ನಡುವಿನಿಂದ ಸುಮಾರು ಒಂದಡಿ ಕತ್ತರಿಸಿ ಮತ್ತೆ ಬೆಸೆಯಬೇಕು. ಇಡೀ ಕಾರಿನ ಗಟ್ಟಿತನ ನಿಲ್ಲುವುದು ಆ ಬೆಸುಗೆಯ ಮೇಲೆ. ನನ್ನ ವೆಲ್ಡಿಂಗ್ ಗೇಟು ಬಾಗಿಲುಗಳ ಮಟ್ಟದ್ದು. ಅದನ್ನು ನಂಬಿ ಹೆದ್ದಾರಿಗಿಳಿಯುವ ಧೈರ್ಯ ನನಗಿರಲಿಲ್ಲ.

ಲೋಟಸ್ ಸೆವೆನ್ ಮಾದರಿಯನ್ನು ಕೈಬಿಟ್ಟದ್ದಕ್ಕೆ ಇಂದಿಗೂ ಸ್ವಲ್ಪ ಬೇಸರವಿದೆ. 1957ರಲ್ಲಿ ಕಾಲಿನ್ ಚಾಪ್‌ಮನ್ ರೂಪಿಸಿದ, ಐದು ಕ್ವಿಂಟಲ್ ಆಸುಪಾಸು ತೂಗುವ ಆ ಕಾರು ಮನೆಯಲ್ಲಿ ಕಟ್ಟಲೆಂದೇ ಹುಟ್ಟಿದ್ದು. ಚಿಕ್ಕ ಶೆಡ್ಡು, ಕಡಿಮೆ ಹಣ, ಕಡಿಮೆ ಸಮಯ ಇರುವವರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ. ನನ್ನ ಭುಜಗಳ ಅಗಲಕ್ಕೆ ಮಾತ್ರ ಅದು ಒಗ್ಗಲಿಲ್ಲ.

ಹೀಗೆ ಉಳಿದದ್ದು ಕೋಬ್ರಾ. ಬ್ರಿಟನ್ನಿನ ಎಸಿ ಏಸ್ ಎಂಬ ಹಗುರ ಕಾರಿಗೆ ಅಮೆರಿಕದ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ 1962ರಲ್ಲಿ ಫೋರ್ಡ್ ವಿ8 ಎಂಜಿನ್ ಇರಿಸಿದಾಗ ಹುಟ್ಟಿದ ಕಾರಿದು. 1965ರಲ್ಲಿ 427 ಘನ ಅಂಗುಲದ, ಅಂದರೆ ಏಳು ಲೀಟರಿನ ಎಂಜಿನ್ ಬಂದಾಗ ಚಾಸಿಯ ಎರಡು ಮುಖ್ಯ ಕೊಳವೆಗಳನ್ನು ನಾಲ್ಕು ಅಂಗುಲ ವ್ಯಾಸಕ್ಕೆ ದಪ್ಪ ಮಾಡಿದರು. ಮೂಲ ಕೋಬ್ರಾಗಳು ತಯಾರಾದದ್ದು ಸಾವಿರದ ಆಸುಪಾಸು ಮಾತ್ರ, ಪ್ರತಿಕೃತಿಗಳಿಗೆ ಲೆಕ್ಕವಿಲ್ಲ. ಇದಕ್ಕೆ ಕಾರಣ ಅದರ ಚೆಲುವು ಮಾತ್ರವಲ್ಲ. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ, ಏಣಿಯಂಥ ನೇರ ಚಾಸಿ, ಚಾವಣಿಯಿಲ್ಲ, ಏರಿಳಿಯುವ ಕಿಟಕಿ ಗಾಜುಗಳಿಲ್ಲ. ಮನೆಯಲ್ಲಿ ಕಟ್ಟುವವನನ್ನು ಸತಾಯಿಸುವ ಅರ್ಧದಷ್ಟು ಭಾಗಗಳು ಈ ಕಾರಿನಲ್ಲಿ ಇಲ್ಲವೇ ಇಲ್ಲ.

ಮಾದರಿ ಗೊತ್ತಾದ ಮೇಲೆ ಕೆಲಸ ಮುಗಿಯಿತೆಂದು ಭಾವಿಸಿದ್ದೆ. ಆಗ ಅರ್ಧಕ್ಕೆ ನಿಂತ ಒಂದು ಕೋಬ್ರಾ ಕಿಟ್ ಕಡಿಮೆ ಬೆಲೆಗೆ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಬಾಡಿ, ಚಾಸಿ, ಮುಂದಿನ ಸಸ್ಪೆನ್ಷನ್ ಎಲ್ಲ ಸೇರಿಸಿ ಇಟ್ಟಿದ್ದರು. ಕೆಂಪು ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಮೇಲಿನ ಬಣ್ಣದ ಪದರ) ಫಳಫಳ ಹೊಳೆಯುತ್ತಿತ್ತು. ನಾನು ಮುಂಗಡ ಕೊಡುವವನೇ ಇದ್ದೆ. ಜೊತೆಗೆ ಬಂದಿದ್ದ ತಮ್ಮ ಬಾಗಿಲನ್ನು ಎರಡು ಮೂರು ಸಲ ತೆರೆದು ಮುಚ್ಚಿ, "ಅಣ್ಣಾ, ಈ ಕಡೆ ಬೆರಳು ಹೋಗುತ್ತೆ, ಆ ಕಡೆ ಉಗುರೂ ಹೋಗಲ್ಲ" ಎಂದ. ಬಾಗಿಲಿನ ಸಂದು ಹೊಂದದಿರುವುದು ಕಿಟ್ ಕಾರುಗಳಲ್ಲಿ ಸಾಮಾನ್ಯ, ಸವರಿ ಸರಿಪಡಿಸಬಹುದು ಎಂದು ನಾನು ಸಮಾಧಾನ ಹೇಳಿಕೊಂಡೆ. ಆದರೂ ಚಾಸಿಯ ಕರ್ಣಗಳನ್ನು ಅಳೆದುಬಿಡೋಣ ಎಂದು ಮಾರುವವರ ಅನುಮತಿ ಪಡೆದೆವು.

ಕಾರಿನ ಕೆಳಗೆ ನೇರವಾಗಿ ಟೇಪು ಹಿಡಿದರೆ ಅದು ಎಂಜಿನ್ ಮೌಂಟಿಗೂ ಅಡ್ಡಪಟ್ಟಿಗೂ ತಗುಲಿ ಬಾಗುತ್ತದೆ. ಆದ್ದರಿಂದ ಮುಂದಿನ ಕೆಳ ವಿಶ್‌ಬೋನ್ (ಚಕ್ರವನ್ನು ಹಿಡಿಯುವ ಕವಲು ತೋಳು) ಕೂರುವ ರಂಧ್ರ ಮತ್ತು ಹಿಂದಿನ ಸಸ್ಪೆನ್ಷನ್ ತೋಳು ಕೂರುವ ರಂಧ್ರ, ಎಡಕ್ಕೆ ಎರಡು ಬಲಕ್ಕೆ ಎರಡು, ಹೀಗೆ ನಾಲ್ಕು ಜಾಗಗಳಿಂದ ಗಾರೆಯವರು ಬಳಸುವ ತೂಗುಗುಂಡನ್ನು ಇಳಿಬಿಟ್ಟು, ಅದರ ತುದಿ ನೆಲ ಮುಟ್ಟಿದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದೆವು. ಕಾರನ್ನು ಪಕ್ಕಕ್ಕೆ ತಳ್ಳಿದ ಮೇಲೆ ನೆಲದಲ್ಲಿ ನಾಲ್ಕು ಚುಕ್ಕಿಗಳ ಚೌಕಟ್ಟು ಉಳಿಯಿತು. ಚಾಸಿ ನೇರವಾಗಿದ್ದರೆ ಎರಡು ಕರ್ಣಗಳೂ ಸಮನಾಗಿರಬೇಕು; ಟೇಪಿನ ಎಳೆತ, ಗುಂಡಿನ ತೂಗಾಟ ಎಲ್ಲ ಸೇರಿ ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದರೆ ಆಕ್ಷೇಪಿಸಬೇಕಿಲ್ಲ. ನಮಗೆ ಸಿಕ್ಕಿದ್ದು 11 ಮಿ.ಮೀ. ಟೇಪನ್ನು ತುದಿ ಬದಲಿಸಿ ಹಿಡಿದು ಮತ್ತೊಮ್ಮೆ ಅಳೆದೆವು, ಅದೇ 11. ಇಂಥ ಚಾಸಿಯ ಮೇಲೆ ಕಟ್ಟಿದ ಕಾರು ನೇರ ರಸ್ತೆಯಲ್ಲೂ ಏಡಿಯಂತೆ ತುಸು ಓರೆಯಾಗಿ ಓಡುತ್ತದೆ. ವೀಲ್ ಅಲೈನ್‌ಮೆಂಟ್ ಮಾಡುವವರು ಚಕ್ರಗಳನ್ನು ಸರಿಪಡಿಸಬಲ್ಲರೇ ಹೊರತು ಅವನ್ನು ಹೊತ್ತ ಕೊಳವೆಗಳನ್ನಲ್ಲ. ಬಾಗಿಲಿನ ಸಂದು ಯಾಕೆ ಕೂಡಿಕೊಳ್ಳಲಿಲ್ಲ ಎಂಬುದಕ್ಕೂ ಅಲ್ಲೇ ಉತ್ತರವಿತ್ತು. ಮಾರುವವರಿಗೆ ಅದು ತಿಳಿದಿರಲಿಲ್ಲ ಎಂದೇ ನನ್ನ ನಂಬಿಕೆ. ಸುಣ್ಣದ ಗುರುತುಗಳನ್ನು ಅವರು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಅಂದಿನಿಂದ ನಾನು ಕಿಟ್ ನೋಡುವ ಕ್ರಮ ತಲೆಕೆಳಗಾಯಿತು. ಮೊದಲು ಚಾಸಿ, ಕೊನೆಗೆ ಬಾಡಿ. ಚಾಸಿಯಲ್ಲಿ ಬೆಸುಗೆಯ ಸಾಲು ಒಂದೇ ಅಗಲದಲ್ಲಿ ಹರಿದಿದೆಯೇ, ಬೆಸುಗೆಯ ಅಂಚಿನಲ್ಲಿ ಕೊಳವೆ ಕರಗಿ ಹಳ್ಳ ಬಿದ್ದಿದೆಯೇ, ಸಸ್ಪೆನ್ಷನ್ ಬೋಲ್ಟನ್ನು ಎರಡೂ ಬದಿಯಿಂದ ಹಿಡಿಯುವ ಕಿವಿಗಳಿವೆಯೇ ಅಥವಾ ಅದು ಒಂದೇ ಪಟ್ಟಿಯಿಂದ ಚಾಚಿಕೊಂಡು ನೇತಾಡುತ್ತದೆಯೇ ಎಂದು ನೋಡುತ್ತಿದ್ದೆ. ಸ್ಪ್ರಿಂಗ್ ಕಳಚಿಟ್ಟು ಚಕ್ರವನ್ನು ಜಾಕ್‌ನಿಂದ ಮೇಲೆ ಕೆಳಗೆ ಆಡಿಸಿದಾಗ, ಸ್ಟಿಯರಿಂಗ್ ಮುಟ್ಟದೆಯೇ ಚಕ್ರ ತಾನಾಗಿ ಎಡಕ್ಕೋ ಬಲಕ್ಕೋ ತಿರುಗಿದರೆ ಸ್ಟಿಯರಿಂಗ್ ರ‍್ಯಾಕ್ (ಸ್ಟಿಯರಿಂಗಿನ ತಿರುವನ್ನು ಚಕ್ರಗಳಿಗೆ ಒಯ್ಯುವ ದಂಡ) ತಪ್ಪು ಎತ್ತರದಲ್ಲಿ ಕೂತಿದೆ ಎಂದರ್ಥ. ಅಂಥ ಕಾರು ಪ್ರತಿ ಉಬ್ಬಿನಲ್ಲೂ ಕೈ ಎಳೆಯುತ್ತದೆ. ಇದನ್ನು ತೋರಿಸಿ ಎಂದು ಕೇಳಿದಾಗ ಒಬ್ಬ ತಯಾರಕರು ಸಂತೋಷದಿಂದ ಸ್ಪ್ರಿಂಗ್ ಬಿಚ್ಚಿದರು, ಇನ್ನೊಬ್ಬರು ಬಣ್ಣದ ಪುಸ್ತಿಕೆ ಕೈಗಿತ್ತರು. ಆಯ್ಕೆ ಅಲ್ಲಿಗೇ ಅರ್ಧ ಮುಗಿದಿತ್ತು.

ಫೈಬರ್‌ಗ್ಲಾಸ್ ಬಾಡಿಯನ್ನು ಪರೀಕ್ಷಿಸಲು ಕೈಗಿಂತ ಟ್ಯೂಬ್‌ಲೈಟ್ ಒಳ್ಳೆಯದು. ಉದ್ದನೆಯ ದೀಪದ ಪ್ರತಿಬಿಂಬ ಬಾಗಿಲ ಮೇಲೆ ಬೀಳುವಂತೆ ನಿಂತು ನಿಧಾನವಾಗಿ ನಡೆದರೆ, ಗೆರೆ ನೇರವಾಗಿ ಜಾರಬೇಕು; ಅಚ್ಚು ಹಳತಾಗಿ ಸವೆದಿದ್ದರೆ ಅದು ನೀರಿನಲ್ಲಿ ಬಿದ್ದ ನೆರಳಿನಂತೆ ನಡುಗುತ್ತದೆ. ಒಳಮೈಯನ್ನೂ ನೋಡಬೇಕು, ಏಕೆಂದರೆ ಗಾಜಿನ ನಾರು ರಾಳವನ್ನು ಸರಿಯಾಗಿ ಕುಡಿಯದೆ ಬೆಳ್ಳಗೆ ಒಣಗಿ ನಿಂತಿದ್ದರೆ ಅದು ತಿಳಿಯುವುದು ಒಳಗಿನಿಂದ ಮಾತ್ರ. ಅಚ್ಚಿನ ಭಾಗಗಳು ಕೂಡುವಲ್ಲಿ ಉಳಿಯುವ ಗೆರೆಗಳಿಗೆ ಹೆದರಬೇಕಾಗಿಲ್ಲ. ಉಜ್ಜಿದರೆ ಹೋಗುತ್ತವೆ, ಭುಜ ನೋಯುತ್ತದೆ, ಅಷ್ಟೇ.

ಇನ್ನು ಕುಳಿತು ನೋಡುವ ವಿಚಾರ. ಕೋಬ್ರಾದಲ್ಲಿ ಎಂಜಿನ್ ಹಿಂದಕ್ಕೆ ಸರಿದು ಕೂರುವುದರಿಂದ ಕಾಲಿಡುವ ಗೂಡು ಇಕ್ಕಟ್ಟಾಗುತ್ತದೆ. ನಾನು ಕುಳಿತ ಮೊದಲ ಕಾರಿನಲ್ಲಿ ಮೂರು ಪೆಡಲ್‌ಗಳಿಗೆ ದಕ್ಕಿದ ಅಗಲ 29 ಸೆಂ.ಮೀ.; ನನ್ನ ಶೂ ಒಂದೇ 10.5 ಸೆಂ.ಮೀ. ಅಗಲವಿದೆ. ಬ್ರೇಕ್ ತುಳಿದಾಗ ಆಕ್ಸಲರೇಟರ್ ಕೂಡ ಅರ್ಧ ಒತ್ತಿಕೊಳ್ಳುತ್ತಿತ್ತು. ಆ ಗೂಡಿನ ಗೋಡೆಗೆ ಹತ್ತಿಕೊಂಡೇ ಎಕ್ಸಾಸ್ಟ್ ಕೊಳವೆಗಳು ಹಾಯುವುದರಿಂದ ಅರ್ಧ ಗಂಟೆ ಓಡಿಸಿ ಪಾದಕ್ಕೆ ಎಷ್ಟು ಶಾಖ ತಟ್ಟುತ್ತದೆ ಎಂದು ನೋಡುವುದೂ ಅಗತ್ಯ. ಐದು ನಿಮಿಷದ ಸವಾರಿ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಹಣ ಕೊಡುವ ಮುನ್ನ ಜೋಡಣೆಯ ಕೈಪಿಡಿಯನ್ನು ಓದಲು ಕೇಳಿದ್ದು ನಾನು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ. ಹಿಂದೆ ಬ್ರಿಟನ್ನಿನಲ್ಲಿ ಬಿಡಿಭಾಗಗಳಾಗಿ ಮಾರಿದ ಕಾರಿಗೆ ಖರೀದಿ ತೆರಿಗೆ ಇರಲಿಲ್ಲ, ಆದರೆ ಜೋಡಿಸುವ ಸೂಚನೆ ಕೊಡುವಂತಿರಲಿಲ್ಲ. ಅದಕ್ಕಾಗಿ ಲೋಟಸ್‌ನವರು ಸೆವೆನ್ ಕಾರನ್ನು ಬಿಚ್ಚುವ ಸೂಚನೆ ಕೊಟ್ಟು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಳ್ಳುತ್ತಿದ್ದರಂತೆ. ನಾನು ಕಂಡ ಕೆಲವು ಕೈಪಿಡಿಗಳು ಆ ಮಟ್ಟಕ್ಕೂ ಬರಲಿಲ್ಲ. ನನ್ನ ಪರೀಕ್ಷೆ ಸರಳವಾಗಿತ್ತು: ಬ್ರೇಕ್ ಪೈಪಿನ ಅಧ್ಯಾಯ ತೆಗೆದು, ಪೈಪು ಎಲ್ಲಿಂದ ಎಲ್ಲಿಗೆ ಹಾಯುತ್ತದೆ, ಎಷ್ಟು ಅಂತರಕ್ಕೊಂದು ಕ್ಲಿಪ್ಪು, ಯಾವ ಅಳತೆಯ ಬೋಲ್ಟಿಗೆ ಎಷ್ಟು ಬಿಗಿತ ಎಂಬುದು ಅಲ್ಲಿದೆಯೇ ಎಂದು ನೋಡುವುದು. "ಸೂಕ್ತವಾಗಿ ಜೋಡಿಸಿ" ಎಂಬ ಮಾತು ಹತ್ತು ಪುಟದಲ್ಲಿ ಮೂರು ಸಲ ಬಂದರೆ ಕೈಪಿಡಿಯನ್ನು ಮರಳಿಸುತ್ತಿದ್ದೆ. "ಪೂರ್ಣ ಕಿಟ್" ಎಂಬ ಪದಕ್ಕೂ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಚಕ್ರ, ಬಣ್ಣ ಇವು ಸಾಮಾನ್ಯವಾಗಿ ಅದರ ಹೊರಗೇ ಇರುತ್ತವೆ, ಆದ್ದರಿಂದ ಭಾಗಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಇಲ್ಲದ್ದನ್ನು ಇನ್ನೊಂದು ಹಾಳೆಯಲ್ಲಿ ಬರೆದುಕೊಂಡೆ. ಆ ಎರಡನೆಯ ಹಾಳೆಯ ಮೊತ್ತ ಕಿಟ್‌ನ ಬೆಲೆಯನ್ನೂ ಮೀರಿತು.

ಹಳೆಯ ಕಾರೊಂದರಿಂದ, ಅಂದರೆ ಡೋನರ್ ಕಾರಿನಿಂದ, ಭಾಗಗಳನ್ನು ತೆಗೆದರೆ ಖರ್ಚು ಇಳಿಯುತ್ತದೆ. ಕೋಬ್ರಾ ಕಿಟ್‌ಗಳಲ್ಲಿ ಕೆಲವು ಜಾಗ್ವಾರ್ ಎಕ್ಸ್‌ಜೆ6 ಕಾರಿನ ಹಿಂದಿನ ಸಸ್ಪೆನ್ಷನ್ನನ್ನು ಬಳಸುತ್ತವೆ. ಅದು ನೋಡಲು ಸೊಗಸು. ಆದರೆ ಹಳೆಯ ಎಕ್ಸ್‌ಜೆ6ನಲ್ಲಿ ಬ್ರೇಕ್ ಡಿಸ್ಕುಗಳು ಚಕ್ರದ ಬಳಿ ಇರದೆ ನಡುವೆ ಡಿಫರೆನ್ಷಿಯಲ್‌ಗೆ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಗೆ) ಅಂಟಿಕೊಂಡಿರುವುದರಿಂದ ಪ್ಯಾಡು ಬದಲಿಸುವುದೂ ಒಂದು ವ್ರತವೇ. ನಾನು ಫೋರ್ಡ್ ಮಸ್ಟಾಂಗ್ ಭಾಗಗಳನ್ನು ಬಳಸುವ ಕಿಟ್ಟನ್ನು ಆರಿಸಿದೆ. ಮಸ್ಟಾಂಗ್ ಸುಮಾರು 1400 ಕೆ.ಜಿ. ತೂಗಿದರೆ ಈ ಕಾರು ಅದಕ್ಕಿಂತ ಮುನ್ನೂರು ಕೆ.ಜಿ.ಗೂ ಹೆಚ್ಚು ಹಗುರ, ಹಾಗಾಗಿ ಸ್ಪ್ರಿಂಗ್ ಮತ್ತು ಡ್ಯಾಂಪರುಗಳು (ಶಾಕ್ ಅಬ್ಸಾರ್ಬರ್) ಮಾತ್ರ ಕಿಟ್‌ನವೇ ಆಗಿರಬೇಕು.

ಇಷ್ಟೆಲ್ಲ ಎಚ್ಚರ ವಹಿಸಿಯೂ ಒಂದು ಕಡೆ ಜಾರಿದೆ. ಕಿಟ್ ಬರುವ ಮೊದಲೇ ಒಳ್ಳೆಯ ಬೆಲೆಗೆ ಸಿಕ್ಕಿತೆಂದು ಮಸ್ಟಾಂಗ್ ಆಕ್ಸಲ್ ಒಂದನ್ನು ಕೊಂಡಿಟ್ಟೆ. 1994ರಲ್ಲಿ ಮಸ್ಟಾಂಗ್‌ನ ಹಿಂದಿನ ಆಕ್ಸಲ್ ಒಂದೊಂದು ಬದಿಗೆ ಮುಕ್ಕಾಲು ಅಂಗುಲದಂತೆ ಅಗಲವಾಯಿತು, ನಾಲ್ಕು ಬೋಲ್ಟಿನ ಚಕ್ರ ಹೋಗಿ ಐದು ಬೋಲ್ಟಿನದು ಬಂತು. ನನ್ನದು ಆ ಹೊಸ ಬಗೆಯದು; ನಾನು ಆರಿಸಿದ ಚಕ್ರಗಳ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಹಳೆಯದಕ್ಕೆ ಲೆಕ್ಕ ಹಾಕಿದ್ದು. ಕೂರಿಸಿ ನೋಡಿದರೆ ಟೈರಿನ ಹೊರ ಅಂಚು ಬಾಡಿಯ ಕಮಾನಿನಿಂದ 19 ಮಿ.ಮೀ. ಆಚೆ ಇಣುಕುತ್ತಿತ್ತು. ಕೈಪಿಡಿಯ ಪುಟದಡಿಯಲ್ಲಿ ಸಣ್ಣಕ್ಷರದಲ್ಲಿ ಈ ವಿಷಯ ಇತ್ತು. ನಾನು ಓದಿಯೂ ಇದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಆಕ್ಸಲ್ಲನ್ನು ಉಳಿಸಿಕೊಂಡು ಚಕ್ರಗಳನ್ನು ಬದಲಿಸಿದೆ, ಏಕೆಂದರೆ ಐದು ಬೋಲ್ಟಿನ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಚಕ್ರಗಳ ಆಯ್ಕೆ ಹೆಚ್ಚು.

ನೋಂದಣಿಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಅವುಗಳನ್ನು ಕಿಟ್ ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಬ್ರಿಟನ್ನಿನ ಪರೀಕ್ಷೆಯಲ್ಲಿ ಹೊರಮೈಯ ಚಾಚುಗಳ ಅಂಚು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಾಗಿರಬೇಕು ಎಂಬಂಥ ವಿವರಗಳೂ ಬರುತ್ತವೆ. ಹಾಗೆಯೇ ಶೆಡ್ಡಿನ ಅಳತೆ: ಕಾರು ನಾಲ್ಕು ಮೀಟರಿಗಿಂತ ಚಿಕ್ಕದೇ, ಆದರೆ ಬಾಡಿಯನ್ನು ಎತ್ತಿ ಬದಿಗಿಟ್ಟ ದಿನ ಎರಡು ಕಾರುಗಳ ಜಾಗ ಬೇಕು. ನಾನು ಬಾಡಿಯನ್ನು ರಾಟೆ ಹಾಕಿ ಚಾವಣಿಗೆ ತೂಗಿಸಿದೆ.

ಕಿಟ್ ಬಂದ ದಿನ ಇಪ್ಪತ್ಮೂರು ಪೆಟ್ಟಿಗೆಗಳಿದ್ದವು. ಪಟ್ಟಿಯನ್ನು ಹಿಡಿದು ಎಲ್ಲವನ್ನೂ ಎಣಿಸಲು ಮೂರು ಸಂಜೆಗಳು ಬೇಕಾದವು. ಕಾಣೆಯಾದವು ಹದಿನಾರು ವಸ್ತುಗಳು, ಅದರಲ್ಲಿ ಹೆಚ್ಚಿನವು ಮುಂದೆ ಕಳಿಸುತ್ತೇವೆ ಎಂದು ಅವರೇ ಗುರುತು ಹಾಕಿದ್ದವು. ಪೆಟ್ಟಿಗೆ ಬಿಚ್ಚುವುದಕ್ಕೂ ಮುಂಚೆ ತಮ್ಮ ತೂಗುಗುಂಡು, ಟೇಪು ಮತ್ತು ಸೀಮೆಸುಣ್ಣ ತಂದಿಟ್ಟಿದ್ದ. ಕರ್ಣಗಳ ನಡುವಿನ ವ್ಯತ್ಯಾಸ ಒಂದೂವರೆ ಮಿ.ಮೀ. ಬಂತು. ಅವನು ಅದನ್ನು ತಾರೀಖಿನೊಡನೆ ಶೆಡ್ಡಿನ ಗೋಡೆಯ ಮೇಲೆ ಬರೆದ, ನಾನು ಮೊದಲ ಪೆಟ್ಟಿಗೆಯ ಮೊಳೆ ಕಿತ್ತೆ.