‘ಏನಾದ್ರೂ ಬೇಕಾ’ ಅಂತ ಕೇಳಬೇಡಿ

ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ಹೊರಡುವಾಗ ಪಕ್ಕದ ಮನೆಯ ವಯಸ್ಸಾದವರನ್ನು ‘ಪೇಟೆಯಿಂದ ಏನಾದ್ರೂ ಬೇಕಾ?’ ಅಂತ ಕೇಳಬೇಡಿ. ‘ಬಿಪಿ ಮಾತ್ರೆ ಇನ್ನು ಎಷ್ಟು ದಿನಕ್ಕಿದೆ? ಮಿಕ್ಸಿ ಜಾರ್ ರಿಪೇರಿಗೆ ಕೊಡೋದಿತ್ತಲ್ಲ, ಒಯ್ಯಲಾ?’ ಅಂತ ಹೆಸರು ಹಿಡಿದು ಕೇಳಿ. ಮೊದಲಿನ ಪ್ರಶ್ನೆಗೆ ನಮ್ಮ ಕಡೆ ಉತ್ತರ ಒಂದೇ: ‘ಏನೂ ಬೇಡ ಮಾರಾಯ, ನಿಂಗ್ಯಾಕೆ ಸುಮ್ನೆ ತೊಂದ್ರೆ.’ ಎಲ್ಲ ದಾಕ್ಷಿಣ್ಯ. ಸಾಮಾನಿನ ಹೆಸರನ್ನು ನೀವೇ ಎತ್ತಿದರೆ ಅವರು ‘ಹೂಂ’ ಅಂದರೆ ಸಾಕು. ನೀವು ಹೇಗೂ ಗಾಂಧಿ ಬಜಾರಿಗೆ ಹೋಗುವವರೇ ಅಲ್ವಾ, ಹತ್ತು ನಿಮಿಷ ಜಾಸ್ತಿ ಅಷ್ಟೆ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲೂ ಇದು ನಡೆಯುತ್ತದೆ. ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಸತ್ತಿರುತ್ತದೆ, ಬೆಳಿಗ್ಗೆ ಫೋನ್ ನಂಬಿಕೊಂಡರೆ ಆಗುವುದಿಲ್ಲ. ಮಾತ್ರೆಯಾದರೆ ಹೆಸರು ಕೇಳಿ ಬರೆದುಕೊಂಡರೆ ಸಾಲದು. ಡಾಕ್ಟರ್ ಚೀಟಿ, ಜೊತೆಗೆ ಖಾಲಿಯಾದ ಮಾತ್ರೆ ಶೀಟು, ಎರಡನ್ನೂ ಜೇಬಿಗೆ ಹಾಕಿಕೊಳ್ಳಿ. ಅದೇ ಹೆಸರಿನ ಮಾತ್ರೆ 25 ಎಂಜಿಯಲ್ಲೂ ಬರುತ್ತದೆ, 50ರಲ್ಲೂ ಬರುತ್ತದೆ. ಈ ಉಪಾಯ ಕೈಕೊಡುವುದು ನೀವು ‘ದುಡ್ಡು ಬೇಡ ಬಿಡಿ’ ಅಂದಾಗ. ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ಬಿಲ್ ಕೊಟ್ಟು, ಚಿಲ್ಲರೆ ಸಮೇತ ಲೆಕ್ಕ ಮುಗಿಸಿ. (ಹಲಸಿನ ಹಪ್ಪಳ ಕೊಟ್ಟರೆ ಮಾತ್ರ ಬೇಡ ಅನ್ನಬೇಡಿ.) ಸಂಜೆ ವಾಪಸ್ ಬರುವುದು ಖಾತ್ರಿ ಇಲ್ಲದ ದಿನ ಕೇಳಲೇಬೇಡಿ, ಪಾಪ, ಜಗಲಿಯಲ್ಲಿ ದಾರಿ ನೋಡುತ್ತಾ ಕೂತಿರುತ್ತಾರೆ.